ಇಂಟರ್ನೆಟ್ ನುಂಗಿದ್ದು ಯಾರು

ಶನಿವಾರ ಮಧ್ಯಾಹ್ನ ನನ್ನ ಗಂಡ ವಸಿಷ್ಠನ ಆಫೀಸ್ ಫೈಲ್ ಡೌನ್‌ಲೋಡ್ ಆಗದೆ ಅರ್ಧಕ್ಕೇ ನಿಂತಿತು. ಅವನು ಲ್ಯಾಪ್‌ಟಾಪನ್ನು ಮೇಜಿಗೆ ಕುಕ್ಕಿದ. ಇಂಟರ್ನೆಟ್ ನುಂಗುತ್ತಿದ್ದುದು ನಾನು ಬಚ್ಚಿಟ್ಟ ಕ್ಯಾಮೆರಾ.

ಅಮೆರಿಕದ ಈ ಜೆರಿಕೋ ಊರಿನ ಕನ್ನಡಿಗರಿಗೆಲ್ಲ ವಸಿಷ್ಠ ಅಪ್ಪಟ ಚಿನ್ನ. ಹೋದ ಚಳಿಗಾಲ ನನ್ನ ಪಕ್ಕೆಲುಬು ಮುರಿದು, "ಐಸ್ ಮೇಲೆ ಜಾರಿದಳು" ಅಂದ. ಎಲ್ಲರೂ ನಂಬಿದರು. ಮೈಸೂರಿನಲ್ಲಿರುವ ಅಮ್ಮನೂ ನಂಬಿ, "ಅಳಿಯಂದಿರು ಅಂಥವರಲ್ಲ ಕಣೇ" ಎಂದು ನನಗೇ ಬುದ್ಧಿ ಹೇಳಿದಳು. ಅದಕ್ಕೇ ಹೋಬೋಕನ್‌ನಲ್ಲಿರುವ ತಂಗಿ ರಂಜನಿ ಈ ನವರಾತ್ರಿಗೆ ಪುಟ್ಟ ಕ್ಯಾಮೆರಾ ತಂದುಕೊಟ್ಟಳು. ಹಾಲ್‌ನಲ್ಲಿ ಜೋಡಿಸಿದ ದಸರಾ ಗೊಂಬೆಗಳಲ್ಲಿ, ಶೆಟ್ಟಿ ಗೊಂಬೆಯ ಪುಟ್ಟ ಅಂಗಡಿಯೊಳಗೆ, ಬೇಳೆ ಮೂಟೆಗಳ ನಡುವೆ ಅದನ್ನು ಕೂರಿಸಿದೆ. ಪಟ್ಟದ ಗೊಂಬೆ ಕೂತ ಮೇಲೆ ವಿಜಯದಶಮಿಯವರೆಗೆ ಯಾರೂ ಏನನ್ನೂ ಕದಲಿಸುವುದಿಲ್ಲ. ಹೆಂಡತಿಯನ್ನು ಒದೆಯುವ ಈ ಮಹಾನುಭಾವನಿಗೆ ಗೊಂಬೆ ಮುಟ್ಟಲು ಮಾತ್ರ ಮಡಿ ಅಡ್ಡ ಬರುತ್ತದೆ.

ಆದರೆ ನಾನೊಂದು ದಡ್ಡತನ ಮಾಡಿದ್ದೆ. ಅವನ ಮುಖ ಸ್ಪಷ್ಟವಾಗಿ ಕಾಣಲಿ ಎಂದು ಅತಿ ಹೆಚ್ಚಿನ ಕ್ವಾಲಿಟಿ ಇಟ್ಟು, ವಿಡಿಯೋ ಹಗಲೂ ರಾತ್ರಿ ರಂಜನಿಯ ಅಕೌಂಟಿಗೆ ಹೋಗುವಂತೆ ಮಾಡಿದ್ದೆ. ಅಷ್ಟು ಮಾಡಿ ಸಿಕ್ಕಿದ್ದೇನು? ಗೊಂಬೆ ನೋಡಲು ಬಂದ ಆಂಟಿಯರ ಹಾಡು! ಅರಿಸಿನ ಕುಂಕುಮಕ್ಕೆ ಜನ ಬರುತ್ತಾರೆಂದು ಅವನು ಇಷ್ಟು ದಿನ ಹೊಡೆಯದೆ ಕೈ ಬಿಗಿಹಿಡಿದಿದ್ದ. ಈಗ ಕ್ಯಾಮೆರಾ ಸಿಕ್ಕಿಬಿದ್ದರೆ ನನಗೆ ಸಾಕ್ಷಿಯೂ ಇಲ್ಲ, ಬಿಡುಗಡೆಯೂ ಇಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದ. ಆಗಲಿಲ್ಲ. ವೈ-ಫೈ ಬಿಟ್ಟು ಕೇಬಲ್ ಚುಚ್ಚಿದ. ಅದೂ ತೆವಳಿತು.

"ವೈ-ಫೈ ಪ್ರಾಬ್ಲಮ್ ಅಲ್ಲ. ಯಾವ್ದೋ ಡಿವೈಸ್ ಒಂದೇ ಸಮ ಅಪ್‌ಲೋಡ್ ಮಾಡ್ತಿದೆ. ಅದು ಜ್ಯಾಮ್ ಆದ್ರೆ ಡೌನ್‌ಲೋಡೂ ನಿಲ್ಲತ್ತೆ," ಅಂದ.

"ಬಿಡು ವಸಿಷ್ಠ, ನಾಳೆ ನೋಡೋಣ. ಕಾಫಿ ಮಾಡ್ತೀನಿ."

"ಕೂತ್ಕೋ ಇಲ್ಲೇ."

ಟಿವಿ, ಟ್ಯಾಬ್, ನನ್ನ ಫೋನ್, ಎಲ್ಲವನ್ನೂ ಒಂದೊಂದಾಗಿ ಬ್ಲಾಕ್ ಮಾಡುತ್ತ ಬಂದ. ಕೊನೆಗೆ ಪರದೆಯ ಮೇಲೆ ಒಂದೇ ಹೆಸರು ಉಳಿಯಿತು. ಕ್ಯಾಮೆರಾ.

"ಎಲ್ಲಿಟ್ಟಿದೀಯ?"

ಅದನ್ನೂ ಬ್ಲಾಕ್ ಮಾಡಲು ಒಂದು ಬಟನ್ ಒತ್ತಿದ್ದರೆ ಸಾಕಿತ್ತು. ಆದರೆ ಸಿಟ್ಟು ಬಂದರೆ ಅವನ ತಲೆಗಿಂತ ಕೈ ಮುಂದು. ಕೂದಲು ಹಿಡಿದೆಳೆದು ನನ್ನ ಮುಖವನ್ನು ಮೇಜಿನ ಅಂಚಿಗೆ ಜಜ್ಜಿದ. ಹಲ್ಲು ಮುರಿದು ಬಾಯಿತುಂಬ ರಕ್ತ ಬಂತು. "ಎಲ್ಲಿ? ಹೇಳು, ಎಲ್ಲಿ?" ಎನ್ನುತ್ತ ಹೊಟ್ಟೆಗೆ ಒದ್ದ. ನಾನು ಕಿರುಚಿಕೊಂಡೇ ಗೊಂಬೆಗಳ ಮುಂದಕ್ಕೆ ತೆವಳಿದೆ. ಅಲ್ಲಿ ಬೆಳಕು ಚೆನ್ನಾಗಿತ್ತು. ಸಾಯುವಷ್ಟು ಹೆದರಿಕೆಯಾಗಿತ್ತು, ಅಷ್ಟೇ ಹಟವೂ ಬಂದಿತ್ತು. ಅವನು ನನ್ನ ಮೇಲೆ ಕೂತು ಗಂಟಲು ಅದುಮಿದ. ಬೇರೆಲ್ಲವನ್ನೂ ಅವನೇ ನಿಲ್ಲಿಸಿದ್ದರಿಂದ ಇಡೀ ಲೈನ್ ಕ್ಯಾಮೆರಾಗೇ ಸಿಕ್ಕಿತ್ತು.

ಕಿರುಚಾಟ ಕೇಳಿದರೆ ಕ್ಯಾಮೆರಾದಿಂದ ರಂಜನಿಯ ಫೋನಿಗೆ ಅಲರ್ಟ್ ಹೋಗುತ್ತದೆ. ಅವಳು ನೋಡುತ್ತಲೇ ಪೊಲೀಸರಿಗೆ ಕರೆ ಮಾಡಿದ್ದಳು. ಅವರು ಬಾಗಿಲು ಒಡೆದು ಬಂದಾಗ ನನಗೆ ಕಣ್ಣು ಕತ್ತಲೆಗಟ್ಟಿತ್ತು.

"ಶಿ ಫೆಲ್, ಆಫೀಸರ್," ಎಂದ ವಸಿಷ್ಠ. ಈ ಸಲ ಯಾರೂ ನಂಬಲಿಲ್ಲ. ಕೋಳ ಹಾಕಿ ಕರೆದೊಯ್ದರು.

ಆಂಬುಲೆನ್ಸಿನಲ್ಲಿದ್ದಾಗ ಅಮ್ಮನ ಫೋನ್ ಬಂತು. ರಂಜನಿ ಅವಳಿಗೂ ವಿಡಿಯೋ ಕಳಿಸಿದ್ದಳು.

"ನೋಡ್ದೆ ಕಣೇ," ಎಂದು ಬಿಕ್ಕಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಬೇರೆ ಯಾರಿಗೂ ತೋರಿಸಿಲ್ಲ ತಾನೇ?"

"ಎಲ್ಲರಿಗೂ ತೋರಿಸ್ತೀನಮ್ಮಾ," ಎಂದು ಒಡೆದ ತುಟಿಯಲ್ಲೇ ಹೇಳಿ ಫೋನ್ ಇಟ್ಟೆ.