ಅತ್ತೆಯ ಕೋಣೆಯಲ್ಲಿ ಕಪ್ಪೆಗಳು

ಗಂಡ ಹೆಂಡತಿ ಇಬ್ಬರಿಗೂ ಒಂದೇ ಮೃಗಾಲಯದಲ್ಲಿ ಕೆಲಸ. ಅವನ ಪಾಲಿಗೆ ಜೌಗುಜಿಂಕೆಗಳು, ಅವಳ ಪಾಲಿಗೆ ತೊರೆಗಪ್ಪೆಗಳು. ಎರಡೂ ಒಂದೇ ಹೊಳೆಯನ್ನು ನಂಬಿ ಬದುಕಿದ್ದವು. ಹೊಳೆ ಬತ್ತಿದ ಮೇಲೆ ಎರಡರ ಸಂತತಿಯೂ ಅಳಿವಿನ ಅಂಚಿಗೆ ಬಂದಿತ್ತು. ಮನೆಯಲ್ಲಿ ಮಾತ್ರ ಅವಕ್ಕೆ ಸಮನಾದ ಮರ್ಯಾದೆ ಇರಲಿಲ್ಲ. ಅತ್ತೆಗೆ ಜಿಂಕೆಗಳು ಸ್ವಂತ ಮೊಮ್ಮಕ್ಕಳಿದ್ದಂತೆ, ಕಪ್ಪೆಗಳು ದಾಯಾದಿಗಳಿದ್ದಂತೆ. ಮಗ ಬಂದರೆ ಜಿಂಕೆಗಳ ಯೋಗಕ್ಷೇಮ ಕೇಳುವರು. ಸೊಸೆ ಬಂದರೆ, "ಮೊದಲು ಕೈ ತೊಳ್ಕೊಳ್ಳಮ್ಮ" ಎನ್ನುವರು.

"ಜಿಂಕೆ ಹಾಕೋದೇ ಒಂದು ಮರಿ. ನಿನ್ನ ಕಪ್ಪೆ ಮೊಟ್ಟೆ ಇಟ್ರೆ ರಾಶಿ ರಾಶಿ. ಯಾವುದನ್ನ ಉಳಿಸೋದು ಕಷ್ಟ?" ಎಂದು ಗಂಡ ಊಟಕ್ಕೆ ಕೂತಾಗ ಕೆಣಕುತ್ತಿದ್ದ.

"ರಾಶಿ ಇದ್ದು ಏನು ಬಂತು? ಸೆಕೆ ಸ್ವಲ್ಪ ಹೆಚ್ಚಾದ್ರೆ ಎಲ್ಲಾ ಒಟ್ಟಿಗೇ ಹೋಗ್ತವೆ. ನಿಮ್ಮ ಜಿಂಕೆ ನೆರಳಿಗೆ ಓಡುತ್ತೆ. ಇವು ಎಲ್ಲಿಗೆ ಓಡ್ಬೇಕು?"

ಆ ಬೇಸಿಗೆಯಲ್ಲಿ ಕಪ್ಪೆಗಳ ಕೋಣೆಯ ಏಸಿ ಕೆಟ್ಟು ನಿಂತಿತು. ಇದ್ದ ಇನ್ನೊಂದು ಏಸಿ ಜಿಂಕೆಗಳ ಚಿಕಿತ್ಸೆಯ ಕೋಣೆಯದು. ಅಲ್ಲಿ ತುಂಬು ಗಬ್ಬದ ಜಿಂಕೆಯೊಂದು ಜ್ವರದಿಂದ ಮಲಗಿತ್ತು. ಕಾಯಿಲೆಯ ಪ್ರಾಣಿಯ ಪಕ್ಕ ಕಪ್ಪೆಗಳನ್ನು ಇಡುವಂತಿಲ್ಲ ಎಂದರು ವೈದ್ಯರು. ಜಿಂಕೆಯ ಏಸಿ ಬಿಚ್ಚಿಕೊಡಲು ಗಂಡನಿಗೂ ಮನಸ್ಸು ಬರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೂ ಏಸಿ ಬಿಟ್ಟುಕೊಡುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ವೈದ್ಯರ ಒಪ್ಪಿಗೆ ಪಡೆದು, ಒದ್ದೆ ಪಾಚಿ ಹಾಸಿದ ಡಬ್ಬಿಗಳಲ್ಲಿ ಕಪ್ಪೆಗಳನ್ನು ಮನೆಗೆ ತಂದಳು. ಮನೆಯಲ್ಲಿ ಏಸಿ ಇದ್ದದ್ದು ಉಬ್ಬಸದ ಅತ್ತೆಯ ಕೋಣೆಯಲ್ಲಿ ಮಾತ್ರ.

"ಅತ್ತೆ, ನಿಮ್ಮ ಕೋಣೆ ಬೇಕಿತ್ತು."

"ಯಾರಿಗೆ?"

ಅವಳು ಡಬ್ಬಿಯ ಮುಚ್ಚಳ ಸರಿಸಿದಳು. ಹೆಬ್ಬೆರಳಿನ ಉಗುರಿನಷ್ಟು ಕಪ್ಪೆಯೊಂದರ ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇದಕ್ಕೂ ಉಸಿರು ಕಟ್ಟುತ್ತಾ?"

"ಇವು ಚರ್ಮದಲ್ಲೂ ಉಸಿರಾಡ್ತವೆ ಅತ್ತೆ. ಸೆಕೆ ತಡಕೊಳ್ಳಲ್ಲ."

ಉಸಿರಿನ ಪಾಡನ್ನು ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಸರಿ, ತಗೊಂಡು ಬಾ. ಮಂಚ ನಂದು, ನೆಲ ಅವುಗಳದು. ಒಂದಾದ್ರೂ ಮಂಚ ಹತ್ತಿದ್ರೆ ನಿನ್ನನ್ನೇ ಕೇಳ್ತೀನಿ."

ಏಸಿ ರಿಪೇರಿ ಇವತ್ತು ನಾಳೆ ಎನ್ನುತ್ತ ಮುಂದಕ್ಕೆ ಹೋಯಿತು. ಮೂರು ಕಪ್ಪೆಗಳು ಸತ್ತವು. ಉಳಿದವು ಚೇತರಿಸಿಕೊಂಡು ಹುಳ ಹಿಡಿಯತೊಡಗಿದವು.

ಒಂದು ಸಂಜೆ ಗಂಡ ಬಂದವನು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತ. ಜಿಂಕೆ ಉಳಿದಿತ್ತು, ಮರಿ ಸತ್ತೇ ಹುಟ್ಟಿತ್ತು. "ಒಳಗೆ ತಣ್ಣಗಿದೆ, ಬಾ ಕೂತ್ಕೊ" ಎಂದು ಅತ್ತೆ ಕೈ ಹಿಡಿದು ಕರೆದೊಯ್ದರು.

ಅವನು ಡಬ್ಬಿಗಳ ನಡುವೆ ಕುಳಿತ. "ನಿನ್ನವು ತಿಂತಾ ಇದಾವಾ?"

"ಹೂಂ."

"ಒಳ್ಳೇದಾಯ್ತು ಬಿಡು."

ಮನಸಾರೆ ಹೇಳಿದ್ದನೆಂದು ಅವಳಿಗೆ ಅನ್ನಿಸಿತು. ಅವನ ಬೆನ್ನ ಮೇಲೆ ಕೈಯಿಟ್ಟಳು.

ಮರುದಿನ ಕಪ್ಪೆಗಳಿಗೆ ನೀರು ಚಿಮುಕಿಸುವ ಹೊಣೆ ಅತ್ತೆಯೇ ಹೊತ್ತರು. ಅವಳು ಅವನ ಜೊತೆ ಮೊದಲು ಜಿಂಕೆಯ ಬಳಿ ಹೋದಳು. ಅದು ಎದ್ದು ನಿಂತು ನೀರು ಕುಡಿಯುತ್ತಿತ್ತು.