ಸಭಾಮನೆಯಂಗಳದ ಬಿಳಿ ಬುಟ್ಟಿಗಳು

ಅತ್ತೆ ತೀರಿಕೊಂಡು ವರ್ಷ ತುಂಬಿತ್ತು. ಅವರ ಸಮಾಧಿಗಲ್ಲಿನ ಮುಸುಕು ತೆಗೆಯುವ ದಿನಕ್ಕೆಂದು, ಕುಲದವರೆಲ್ಲ ಸೇರುವ ಸಭಾಮನೆಯ ಎದುರು ನಾನೇ ಹೂಪಾತಿ ಮಾಡಿ, ಮರದ ಚೂರು ಹರಡಿದ್ದೆ. ಮದುವೆಯಾಗಿ ಮೂರು ವರ್ಷವಾದರೂ ಗಂಡನ ಊರಿನ ಆ ಕಣಿವೆಯವರಿಗೆ ನಾನಿನ್ನೂ ಆಕ್ಲೆಂಡಿನವಳೇ. ಇದರಿಂದಲಾದರೂ ಒಂದು ಒಳ್ಳೆಯ ಮಾತು ಬಂದೀತು ಎಂಬ ಆಸೆ.

ಆ ದಿನ ಬೆಳಗ್ಗೆ ನೋಡಿದರೆ ಪಾತಿಯ ತುಂಬ ಬಿಳಿ ಬಲೆಬುಟ್ಟಿಗಳು, ಮುಷ್ಟಿಗಿಂತ ದೊಡ್ಡವು. ಒಳಗಂಟಿದ ಕಂದು ಲೋಳೆಗೆ ನೊಣ ಮುತ್ತಿತ್ತು. ಸತ್ತ ಇಲಿಯ ನಾತ. ಅತಿಥಿಗಳು ಆಗಲೇ ಗೇಟಿನ ಹೊರಗೆ, ಒಳಬರುವ ಕರೆಗೆ ಕಾಯುತ್ತ ನಿಂತಿದ್ದರು.

"ಏನೇ ತಂದು ಸುರಿದೆ, ರಿಪೆಕಾ? ಇಡೀ ಊರೇ ನಾರ್ತಿದೆ!" ನಾದಿನಿ ಮಾಕೆರೆ ಮೂಗು ಮುಚ್ಚಿಕೊಂಡಳು.

ಸಲಿಕೆಗೆಂದು ಓಡಿದ ನನ್ನನ್ನು ಗಂಡನ ದೊಡ್ಡಮ್ಮ ಹೇನಿ ತಡೆದರು.

"ಬಿಡೇ ಮಗಳೇ, ಅದು ಗುಡುಗಿನ ಹೇಲು. ಗುಡುಗು ಮಳೆ ಆದ್ಮೇಲೆ ಏಳೋ ಅಣಬೆ ಕಣೇ. ನಾತ ಇಲ್ದಿದ್ರೆ ನೊಣ ಬರತ್ತಾ? ನೊಣ ಬರ್ದಿದ್ರೆ ಅದರ ಬೀಜ ಹೊತ್ಕೊಂಡು ಹೋಗೋರ್ಯಾರು?"

"ಅತಿಥಿಗಳು, ದೊಡ್ಡಮ್ಮ?"

"ಅವ್ರಿಗೂ ಕೈಯಿದೆ, ಮೂಗು ಮುಚ್ಕೋತಾರೆ."

ಜಗಲಿಗೆ ಹೋಗಿ ಅವರು ಎತ್ತರದ ದನಿಯಲ್ಲಿ ಅತಿಥಿಗಳನ್ನು ಕರೆದರು.

ಅತಿಥಿಗಳ ಕಡೆಯ ಹಿರಿಯ ಪಾರಾಟೆನೆ ಮಾತಾಡಲು ಎದ್ದಾಗ ಗಾಳಿ ಬೀಸಿತು. ಬುಡ ಕಳಚಿಕೊಂಡ ಒಂದು ಬುಟ್ಟಿ ಅಂಗಳದುದ್ದಕ್ಕೂ ಉರುಳಿ ಅವರ ಊರುಗೋಲಿಗೆ ತಗುಲಿ ನಿಂತಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಪಾರಾಟೆನೆ ಮಾತು ನಿಲ್ಲಿಸಿ, ಬಗ್ಗಿ ಅದನ್ನು ಎತ್ತಿಕೊಂಡರು.

"ಇದು ಬಿರಿಯೋ ಮುಂಚೆ ಮೊಟ್ಟೆ ಹಾಗಿರತ್ತೆ. ಅಮ್ಮ ಕೆಂಡದಲ್ಲಿ ಸುಟ್ಟು ಕೊಡ್ತಿದ್ಳು," ಎಂದರು. "ಅವ್ಳು ಹೋದ್ಮೇಲೆ ನಾನಿದನ್ನ ನೋಡೇ ಇಲ್ಲ." ಬುಟ್ಟಿ ಹಿಡಿದೇ ಕೂತುಬಿಟ್ಟರು. ಅವರ ಕಡೆಯ ಹೆಂಗಸರು ಮೆಲ್ಲಗೆ ಹಾಡು ಎತ್ತಿಕೊಂಡರು.

ಊಟವಾದ ಮೇಲೆ ಪಾರಾಟೆನೆಯೂ ನಾನೂ ಪಾತಿ ಕೆದಕಿ, ಬಿರಿಯದ ನಾಲ್ಕು ಮೊಟ್ಟೆ ಹುಡುಕಿ ಸುಟ್ಟೆವು. ನನಗೆ ಲೋಳೆಲೋಳೆ, ಸಪ್ಪೆ. ಅವರು ಕಣ್ಣು ಮುಚ್ಚಿಕೊಂಡು ತಿಂದರು. ಆಮೇಲೆ ಒಂದು ಬುಟ್ಟಿಯ ಲೋಳೆಯನ್ನು ನೀರಿನ ಬಾಟಲಿಗೆ ತೊಳೆದುಕೊಂಡರು.

"ನೊಣಕ್ಕೆ ನಮ್ಮೂರು ದೂರ. ನಾನೇ ನೊಣ ಆಗ್ತೀನಿ."

"ಬಸ್ಸಲ್ಲಿ ಮಾತ್ರ ಮುಚ್ಚಳ ತೆಗೀಬೇಡಿ, ತಾತ!" ಎಂದಳು ಮಾಕೆರೆ.

ಮರುವರ್ಷ ಮಳೆ ಹಿಡಿದ ಮೇಲೆ ಫೋನು ಬಂತು, ಎತ್ತಿದ್ದು ಮಾಕೆರೆ. ಪಾರಾಟೆನೆ ನನ್ನನ್ನೇ ಹೆಸರು ಹಿಡಿದು ಕೇಳಿದರಂತೆ.

"ನಮ್ಮಂಗಳದಲ್ಲಿ ಐದು ಬುಟ್ಟಿ ಎದ್ದಿವೆ, ರಿಪೆಕಾ! ನನ್ನ ಹೆಂಡ್ತಿ ಬಯ್ಯೋದು ಕೇಳಿಸ್ತಿದ್ಯಾ?"

ಚೆನ್ನಾಗಿಯೇ ಕೇಳಿಸುತ್ತಿತ್ತು.