ಕಂಪನಿ ಬೆಂಕಿ

"ಕಳ್ಳ ಮುಂಡೇರಾ, ಕಂಪನಿ ಬೆಂಕಿ ಕದಿಯೋಕೆ ಬಂದಿದ್ದೀರಾ? ಹಿಂದಕ್ಕೋಗ್ರಿ!"

ಹೀಗೆ ಕೂಗಿ ಲಾಠಿಯಲ್ಲಿ ಒನಾಜಿತೆಯ ಬುಟ್ಟಿ ತಳ್ಳಿದವನು ಅದೇ ಊರಿನ ಉಮುಕೊರೊ. ಎದುರಿಗೆ ಸಾಹೇಬನ ಜೀಪು ನಿಂತಿಲ್ಲದಿದ್ದರೆ ಅವಳನ್ನು ಚಿಕ್ಕವ್ವ ಅಂತಲೇ ಕರೆಯುವವನು. ಕಾವಲುಗಾರನ ಅಂಗಿ ತೊಟ್ಟ ಮೇಲೆ ಅವನಿಗೆ ಎರಡು ನಾಲಿಗೆ ಬಂದಿದ್ದವು.

ಮುಳ್ಳುತಂತಿಯ ಬೇಲಿ ನಿನ್ನೆಯವರೆಗೆ ಇರಲಿಲ್ಲ. ಅದರಾಚೆ ಕೊಳವೆಯ ಬಾಯಲ್ಲಿ ಬೆಂಕಿ ಭೋರೆಂದು ಉರಿಯುತ್ತಿತ್ತು. ನೆಲದಡಿಯಿಂದ ತೆಗೆಯುವ ಎಣ್ಣೆಯ ಜೊತೆ ಮೇಲೆ ಬರುವ ಅನಿಲವನ್ನು ಕಂಪನಿ ಅಲ್ಲೇ ಸುಟ್ಟುಹಾಕುತ್ತದೆ. ಒನಾಜಿತೆ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅದು ಒಂದು ದಿನವೂ ಆರಿದ್ದಿಲ್ಲ. ಅದರ ಹೊಗೆ ಕುಡಿದ ಮಳೆಗೆ ಮನೆಯ ತಗಡೆಲ್ಲ ತೂತು ಬಿದ್ದಿತ್ತು. ಕೊಳವೆ ಒಡೆದು ಎಣ್ಣೆ ಹರಿದ ಹೊಲದಲ್ಲಿ ಮರಗೆಣಸು ಬೆರಳಿನಷ್ಟಕ್ಕೇ ನಿಂತು ಕೊಳೆಯುತ್ತಿತ್ತು. ಕಿತ್ತರೆ ಕೈಗೆಲ್ಲ ಸೀಮೆಎಣ್ಣೆಯ ವಾಸನೆ. ಆ ದರಿದ್ರ ಬೆಂಕಿಯಿಂದ ಹೆಂಗಸರಿಗೆ ದಕ್ಕಿದ್ದು ಒಂದೇ, ಅದರ ಕಾವು. ಗೆಣಸು ತುರಿದು, ಚೀಲಕ್ಕೆ ತುಂಬಿ, ಕಲ್ಲು ಹೇರಿ ನೀರು ಬಸಿದು ಬೆಂಕಿಯ ಸುತ್ತ ಹರಡಿದರೆ ಮಳೆಗಾಲದಲ್ಲೂ ಸಂಜೆಯೊಳಗೆ ಒಣಗುತ್ತಿತ್ತು. ಒಣಗದಿದ್ದರೆ ನಾಳೆಗೆ ಬೂಷ್ಟು.

ಒನಾಜಿತೆಯ ಬುಟ್ಟಿಯಲ್ಲಿದ್ದದ್ದು ಹೊಲದ ಕೊನೆಯ ಗೆಣಸು, ಕೊಳೆತದ್ದನ್ನು ಕೆತ್ತಿ ಕೆತ್ತಿ ಉಳಿಸಿಕೊಂಡದ್ದು. ಇದೂ ಬೂಷ್ಟು ಹಿಡಿದರೆ ಮನೆಯಲ್ಲಿ ಒಲೆ ಹಚ್ಚುವ ಕೆಲಸವೇ ಇಲ್ಲ.

ಸಾಹೇಬ ಜೀಪಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ನಯವಾಗಿಯೇ ಮಾತಾಡಿದ. ಬೆಂಕಿ ಕಂಪನಿಯ ಆಸ್ತಿಯಂತೆ, ಅದರ ಹತ್ತಿರ ಸುಳಿದರೆ ಆರೋಗ್ಯಕ್ಕೆ ಹಾನಿಯಂತೆ, ಬೇಲಿ ಹಾಕಿಸಿದ್ದು ಇವರ ಒಳ್ಳೆಯದಕ್ಕೇ ಅಂತೆ. ಹಾಗಾದರೆ ಊರೊಳಕ್ಕೆ ನುಗ್ಗುವ ಹೊಗೆಗೂ ಒಂದು ಬೇಲಿ ಹಾಕಿಸಿ ಅಂದಳು ಬುಟ್ಟಿ ಹೊತ್ತು ಬಂದಿದ್ದ ಹೆಂಗಸರ ನಡುವಿನಿಂದ ಮುದುಕಿ ಎಸಿರಿ. ಸಾಹೇಬ ಗಾಜು ಏರಿಸಿದ. ಹಂದಿಗಳು ಅಂತ ಅವನು ಗೊಣಗಿದ್ದು ಗಾಜು ಪೂರ್ತಿ ಮುಚ್ಚುವ ಮೊದಲೇ ಎಲ್ಲರಿಗೂ ಕೇಳಿಸಿತು.

ಜೀಪು ಗೇಟಿನೊಳಗೆ ಹೋದ ಮೇಲೆ ಉಮುಕೊರೊ ದನಿ ಇಳಿಸಿದ.

"ಬೇಜಾರ್ ಮಾಡ್ಕೋಬ್ಯಾಡ ಚಿಕ್ಕವ್ವ, ನನ್ ಹೊಟ್ಟೆಪಾಡು. ಮನೆಗೋಗ್ರವ್ವ."

"ನಿಂದೊಬ್ಬಂದೇ ಏನ್ಲಾ ಹೊಟ್ಟೆ, ಸೂಳೆಮಗನೆ?" ಅಂದಳು ಎಸಿರಿ. "ನಮ್ದೇನು ಮಡಕೆಯಾ?"

ಒನಾಜಿತೆಗೆ ಬಯ್ಯುವಷ್ಟೂ ತ್ರಾಣವಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ತುರಿದ ಕೈ ಇನ್ನೂ ಉರಿಯುತ್ತಿತ್ತು. ತಲೆ ತಗ್ಗಿಸಿ ಕಾಲಡಿ ನೋಡಿದಳು. ಗೇಟಿನ ಮುಂದಿನ ಡಾಂಬರು ರಸ್ತೆ ಬೇಲಿಯಾಚೆಯ ಕಾವಿಗೆ ಬೆಚ್ಚಗಾಗಿತ್ತು. ಕುಕ್ಕರಗಾಲಲ್ಲಿ ಕೂತು ಅಂಗೈ ಇಟ್ಟು ನೋಡಿದಳು. ಆಮೇಲೆ ಗೋಣಿಚೀಲ ಹಾಸಿ, ಬುಟ್ಟಿ ಸುರಿದು, ಈ ಅಂಚಿನಿಂದ ಆ ಅಂಚಿಗೆ ಹರಡತೊಡಗಿದಳು. ಎಸಿರಿ ಒಂದು ಗಳಿಗೆ ನೋಡಿದಳು, ಬೊಚ್ಚುಬಾಯಲ್ಲಿ ನಕ್ಕಳು, ತನ್ನ ಬುಟ್ಟಿಯನ್ನೂ ಸುರಿದಳು. ಉಳಿದವರೂ ಚೀಲ ಬಿಚ್ಚಿದರು. ರಸ್ತೆ ಉದ್ದಕ್ಕೂ ಬೆಳ್ಳಗಾಯಿತು. ಉಮುಕೊರೊ ಬೇಡ ಬೇಡ ಅನ್ನುತ್ತ ಆ ಕಡೆಯಿಂದ ಈ ಕಡೆಗೆ ಓಡಾಡಿದ, ಕೊನೆಗೆ ಸುಸ್ತಾಗಿ ನಿಂತ.

ಜೀಪು ಹೊರಗೆ ಬಂದಾಗ ಗೆಣಸು ಇನ್ನೂ ಹಸಿ ಇತ್ತು. ಈ ಸಲ ಸಾಹೇಬ ಇಳಿದ. ವಾರಿ ಪಟ್ಟಣಕ್ಕೆ ಹೋಗಿ ವಿಮಾನ ಹಿಡಿಯಬೇಕು, ಈ ಕಸ ತೆಗೆಯಿರಿ ಅಂದ.

"ಹಸೀದು ಕಣ್ ಸ್ವಾಮಿ," ಅಂದಳು ಒನಾಜಿತೆ. "ಒಣಗ್ಲಿ."

"ಎಷ್ಟು ಹೊತ್ತು ಕಾಯಬೇಕು ನಾನು?"

"ನಿಮ್ ಬೆಂಕಿ ಆರ್ಲಿ ಅಂತ ನಾವು ಇಷ್ಟ್ ವರ್ಸ ಕಾದ್ವಲ್ಲ. ಇದು ಒಣಗೋಗಂಟ ನೀವು ಕಾಯ್ರಿ."

ಸಾಹೇಬನ ಮುಖ ಕೆಂಪಾಯಿತು. ಕಾಲಲ್ಲಿ ಒದ್ದು ತಳ್ಳು ಅಂತ ಉಮುಕೊರೊಗೆ ಹೇಳಿದ. ಅವನು ಬಗ್ಗಿ ತನ್ನ ಬೂಟು ನೋಡಿಕೊಂಡನೇ ಹೊರತು ಕಾಲೆತ್ತಲಿಲ್ಲ. ಸಾಹೇಬ ಜೀಪು ಹತ್ತಿ ಬಾಗಿಲು ಬಡಿದು, ಮೇಲೆ ಹತ್ತಿಸು ಅಂತ ಡ್ರೈವರನಿಗೆ ಅಂದ. ಇಂಜಿನು ಗುಡುಗಿತು.

ಒನಾಜಿತೆ ಗೆಣಸನ್ನು ಅತ್ತಿತ್ತ ಸರಿಸಿ, ಒಂದು ಚೂರೂ ಚೆಲ್ಲದ ಹಾಗೆ ತನ್ನ ಮೈಯಷ್ಟು ಜಾಗ ಮಾಡಿಕೊಂಡು ರಸ್ತೆಗೆ ಅಡ್ಡಲಾಗಿ ಮಲಗಿದಳು. ಡಾಂಬರಿನ ಬಿಸಿ ಬೆನ್ನಿಗೆ ಹಿತವಾಗಿ ಏರಿತು. ಹಾರ್ನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಜೀಪಿನ ಚಕ್ರ ಗೋಣಿಯ ಅಂಚು ಮುಟ್ಟಿದಾಗ ಅವಳಿಗೆ ನಿದ್ದೆ ಹತ್ತಿತ್ತು.